ನಾಲ್ಕನೇ ಪಾತ್ರದ ಜಗಳ: ಕಲಬುರಗಿಯ ಒಂದು ಫೈಟಿಂಗ್ ಗೇಮ್ ಪ್ರಾಜೆಕ್ಟ್

ಹಿನ್ನೆಲೆ

ಕಲಬುರಗಿಯ ಒಂದು ಎಂಜಿನಿಯರಿಂಗ್ ಕಾಲೇಜಿನ ನಾಲ್ವರು ಕೊನೇ ವರ್ಷದ ಪ್ರಾಜೆಕ್ಟ್‌ಗೆ ಫೈಟಿಂಗ್ ಗೇಮ್ ಮಾಡಲು ಹೊರಟರು. ಕಾಲೇಜಿನ ಹೆಸರು, ಹುಡುಗರ ಹೆಸರು ಇಲ್ಲಿ ಹೇಳುವುದಿಲ್ಲ. ಗುರುತು ಸಿಗಬಾರದು ಅಂತ ಒಂದೆರಡು ವಿವರಗಳನ್ನೂ ಬದಲಿಸಿದ್ದೇನೆ. ಅವರವರ ಕೆಲಸದ ಮೇಲೆ ಕರೆದರೆ ಸಾಕು: ಕೋಡ್ ಬರೆದವಳು, ಚಿತ್ರ ಬಿಡಿಸಿದವನು, ಸೌಂಡ್ ಮತ್ತು ಮೆನು ಮಾಡಿದವನು, ರಿಪೋರ್ಟ್ ಬರೆದವನು. ಕೊನೆಯ ಇಬ್ಬರು ಇಲ್ಲಿ ಜಾಸ್ತಿ ಬರುವುದಿಲ್ಲ, ಪಾಪ. ಆದರೆ ಅವರಿಲ್ಲದಿದ್ದರೆ ಪ್ರಾಜೆಕ್ಟ್ ಜಮಾ ಆಗುತ್ತಲೇ ಇರಲಿಲ್ಲ.

ನಾನು ಇದೇ ಊರಿನವನು. ಹೈದರಾಬಾದಿನಲ್ಲಿ ಗೇಮ್ ಟೆಸ್ಟಿಂಗ್ ಕೆಲಸ ಮಾಡುತ್ತೇನೆ. ಊರಿಗೆ ಬಂದಾಗ ನೋಡಿದ್ದು, ಮಿಕ್ಕ ದಿನ ಫೋನಿನಲ್ಲಿ ಕೇಳಿದ್ದು, ಎರಡೂ ಸೇರಿ ಈ ಬರಹ.

ಗೇಮ್ 2ಡಿ. ಇಬ್ಬರು ಅಕ್ಕಪಕ್ಕ ಕೂತು, ಒಂದೊಂದು ಪಾತ್ರ ಹಿಡಿದು ಹೊಡೆದಾಡಿಸುವುದು. ಗೇಮ್ ಕಟ್ಟುವ ಗೊಡೋ ಎಂಜಿನ್ ಅನ್ನುವ ಸಾಫ್ಟ್‌ವೇರ್ ಬಳಸಿದರು, ಅದು ಪುಕ್ಕಟೆ. ಯೋಜನೆಯಲ್ಲಿ ಎಂಟು ಪಾತ್ರ ಇದ್ದವು. ಎಂಟೇ ಯಾಕೆ ಅಂದರೆ 1991ರ ಸ್ಟ್ರೀಟ್ ಫೈಟರ್ 2ರಲ್ಲಿ ಆಡಲು ಸಿಗುವ ಪಾತ್ರ ಎಂಟು. ಹುಡುಗರು ಅದನ್ನೇ ಅಳತೆ ಅಂದುಕೊಂಡರು. ಅದನ್ನು ಮಾಡಿದವರು ಒಂದು ದೊಡ್ಡ ಕಂಪನಿಯವರು, ಇವರ ಹತ್ತಿರ ಇದ್ದದ್ದು ಒಬ್ಬನೇ ಚಿತ್ರಗಾರ. ಈ ಲೆಕ್ಕ ಆಗ ಯಾರ ತಲೆಗೂ ಹೋಗಲಿಲ್ಲ.

ಸಮಸ್ಯೆ

ಚಿತ್ರ ಬಿಡಿಸುವವನು ಕೆಲಸಗಳ್ಳನಲ್ಲ. ಮೊದಲ ಪಾತ್ರ ಪೈಲ್ವಾನ್. ಅವನಿಗಾಗಿ ಊರಿನ ಒಂದು ತಾಲೀಮಿಗೆ (ಗರಡಿಮನೆಗೆ) ಹೋಗಿ, ಮಣ್ಣಿನಲ್ಲಿ ಹುಡುಗರು ಹೆಂಗೆ ಹಿಡಿಯುತ್ತಾರೆ, ಹೆಂಗೆ ಎತ್ತಿ ಒಗೆಯುತ್ತಾರೆ ಅಂತ ಕೂತು ಬಿಡಿಸಿಕೊಂಡು ಬಂದ. ಎರಡನೆಯವಳು ಕೋಲು ಬೀಸುವ ಹುಡುಗಿ. ಮೂರನೆಯವನು ಓಟಗಾರ, ಬರಿಗೈಲಿ ಓಡಿ ಬಂದು ಪಟಪಟ ಬಡಿಯುವವನು.

ಒಂದು ಪಾತ್ರ ಅಂದರೆ ಎಷ್ಟು ಚಿತ್ರ? ಸುಮ್ನೆ ನಿಲ್ಲುವುದು, ಮುಂದೆ ನಡೆಯುವುದು, ಹಿಂದೆ ಸರಿಯುವುದು, ಕೂರುವುದು, ಜಿಗಿಯುವುದು. ನಿಂತು ಹೊಡೆಯುವ ಏಟು, ಕೂತು ಹೊಡೆಯುವ ಏಟು, ಗಾಳಿಯಲ್ಲಿ ಹೊಡೆಯುವ ಏಟು. ತಡೆಯುವುದು, ಪೆಟ್ಟು ತಿನ್ನುವುದು, ಬೀಳುವುದು, ಏಳುವುದು. ಮೇಲೆ ವಿಶೇಷ ಏಟುಗಳು, ಗೆದ್ದಾಗ ಒಂದು ಭಂಗಿ, ಸೋತಾಗ ಒಂದು. ಅವನ ಲೆಕ್ಕದಲ್ಲಿ ಪಾತ್ರಕ್ಕೆ ನೂರೈವತ್ತಕ್ಕೂ ಹೆಚ್ಚು ಚಿತ್ರ. ಸಂಕ್ರಾಂತಿ ಹೊತ್ತಿಗೆ ಮೂರು ಪಾತ್ರ ಮುಗಿದಿದ್ದವು. ಪ್ರಾಜೆಕ್ಟ್ ಪ್ರದರ್ಶನ ಬೇಸಿಗೆಯಲ್ಲಿ. ಇನ್ನೂ ಐದು ಪಾತ್ರ ಬಾಕಿ, ಜೊತೆಗೆ ಇಂಟರ್ನಲ್ ಪರೀಕ್ಷೆ ಬೇರೆ.

ಕೋಡ್ ಬರೆದವಳು ಒಂದು ದಿನ ಮೆಲ್ಲಗೆ ಹೇಳಿದಳು: ಇರುವ ಮೂರನ್ನೇ ಬಣ್ಣ ಬದಲಿಸಿ ಆರು ಮಾಡೋಣ. ಏಟಿನ ಬಲ, ವೇಗ ಒಂಚೂರು ಬದಲಿಸಿದರೆ ಆಯಿತು.

ಚಿತ್ರಗಾರ ಸಿಡಿದ. “ಅಂದ್ರ ನನ್ನ ಚಿತ್ರಾನೇ ಕಾಪಿ ಹೊಡೆದು ಹೊಸಾದು ಅಂತ ತೋರಸ್ತಿ? ಆಡೋರಿಗೆ ಕಣ್ಣಿಲ್ಲೇನು?” ಗೈಡ್ ಸರ್ ಇನ್ನೊಂದು ತುದಿ. ಅವರಿಗೆ ರಿಪೋರ್ಟ್‌ನಲ್ಲಿ ಎಂಟು ಅಂತ ಇದ್ದರೆ ಎಂಟು ಕಾಣಬೇಕು, ಅದು ಹೇಗೆ ಬಂತು ಅನ್ನುವುದು ಆಮೇಲಿನ ಮಾತು.

ಈ ಜಗಳ ಹೊಸದೇನಲ್ಲ. ಫೈಟಿಂಗ್ ಗೇಮ್‌ಗಳಷ್ಟೇ ಹಳೆಯದು. 1987ರ ಮೊದಲ ಸ್ಟ್ರೀಟ್ ಫೈಟರ್‌ನಲ್ಲಿ ಮೊದಲ ಆಟಗಾರನಿಗೆ ರ್ಯೂ, ಎರಡನೆಯವನಿಗೆ ಕೆನ್. ತಲೆ ಬೇರೆ, ಬಟ್ಟೆಯ ಬಣ್ಣ ಬೇರೆ, ಆಟ ಒಂದೇ. 1992ರ ಮಾರ್ಟಲ್ ಕಾಂಬ್ಯಾಟ್‌ನಲ್ಲಿ ಸ್ಕಾರ್ಪಿಯನ್, ಸಬ್‌ಝೀರೋ ಇಬ್ಬರೂ ಒಬ್ಬನೇ ನಟ ಒಂದೇ ವೇಷದಲ್ಲಿ ಕ್ಯಾಮೆರಾ ಮುಂದೆ ಮಾಡಿದ್ದು. ಹಳದಿ ಮಾಡಿದರೆ ಸ್ಕಾರ್ಪಿಯನ್, ನೀಲಿ ಮಾಡಿದರೆ ಸಬ್‌ಝೀರೋ. ಮಷೀನಿನ ಮೆಮೊರಿ ಉಳಿಯಬೇಕಿತ್ತು, ಅದಕ್ಕೆ. ಆದರೂ ಆ ಇಬ್ಬರನ್ನು ಇವತ್ತಿಗೂ ಯಾರೂ ಒಬ್ಬನೇ ಅನ್ನುವುದಿಲ್ಲ. ಒಬ್ಬ ಹಗ್ಗ ಕಟ್ಟಿದ ಈಟಿ ಎಸೆದು ಎಳೆದುಕೊಳ್ಳುತ್ತಾನೆ, ಇನ್ನೊಬ್ಬ ಎದುರಿಗಿದ್ದವನನ್ನು ಹೆಪ್ಪುಗಟ್ಟಿಸುತ್ತಾನೆ. ಹತ್ತಿರ ಎಳೆಯುವುದು, ನಿಂತಲ್ಲೇ ನಿಲ್ಲಿಸುವುದು: ಒಂದೇ ಮೈಯಲ್ಲಿ ಎರಡು ಬೇರೆ ಕೆಲಸ.

ಮೊದಲ ಪ್ರಯತ್ನ: ಬಣ್ಣ ಮತ್ತು ಶೇಕಡಾ 10

ಎಂಟು ಆಗದಿದ್ದರೂ ಪಟ್ಟಿ ಉದ್ದ ಕಾಣಲಿ ಅಂತ ಕೊನೆಗೆ ಗೈಡ್ ಸರ್ ಮಾತೇ ನಡೆಯಿತು. ಕೆಂಪು ಪೈಲ್ವಾನ್, ನೀಲಿ ಪೈಲ್ವಾನ್. ಹೀಗೆ ಮೂರಕ್ಕೆ ಆರು. ಎರಡನೇ ಬಣ್ಣದ ಪ್ರತಿ ಪಾತ್ರಕ್ಕೂ ಏಟಿನ ಬಲ ಶೇಕಡಾ 10 ಜಾಸ್ತಿ, ವೇಗ ಶೇಕಡಾ 10 ಕಡಿಮೆ. ಕಾಗದದ ಮೇಲೆ ಚೆನ್ನಾಗಿಯೇ ಕಾಣುತ್ತದೆ, ಅಲ್ವಾ? ಒಬ್ಬ ಚುರುಕು, ಒಬ್ಬ ಗಟ್ಟಿ.

ಸೂಪರ್ ಮಾರ್ಕೆಟ್ ಕಡೆ ಒಂದು ಗೇಮಿಂಗ್ ಪಾರ್ಲರ್ ಇದೆ. ಅದರ ಮಾಲೀಕ ಹುಡುಗರಿಗೆ ಪರಿಚಯ. ಜನ ಇಲ್ಲದ ಮಧ್ಯಾಹ್ನ ಲ್ಯಾಪ್‌ಟಾಪ್ ಹಚ್ಚಿಕೊಳ್ಳಲು ಒಪ್ಪಿದ. ಹೈಸ್ಕೂಲು, ಪಿಯುಸಿ ಹುಡುಗರು ರಿಮೋಟ್ ಹಿಡಿದರು. (ಕಂಟ್ರೋಲರ್‌ಗೆ ಇಲ್ಲಿ ರಿಮೋಟ್ ಅಂತಲೇ ಹೇಳುವುದು.) ಸ್ವಲ್ಪ ಹೊತ್ತಿಗೆ ಎಲ್ಲರೂ ಎರಡನೇ ಬಣ್ಣವನ್ನೇ ಆರಿಸತೊಡಗಿದರು. ಕೇಳಿದರೆ, “ಅಕ್ಕಾ, ಇವು ಎರಡೂ ಅದೇ ಅವ. ನೀಲಿಗಿ ಜೋರ್ ಜಾಸ್ತಿ ಅದ, ಅಷ್ಟೇ.”

ಅವರ ಮಾತು ಸರಿಯಾಗಿತ್ತು. ಯಾಕೆ ಸರಿ ಅನ್ನುವುದು ಕೋಡ್‌ನಲ್ಲಿ ಸಿಕ್ಕಿತು. ಗೇಮ್ ಸೆಕೆಂಡಿಗೆ 60 ಫ್ರೇಮ್, ಅಂದರೆ ಪರದೆಯ ಮೇಲೆ 60 ಚಿತ್ರ, ಓಡುತ್ತದೆ. ಓಟಗಾರನ ಚಿಕ್ಕ ಗುದ್ದು ಶುರುವಾಗಿ ತಾಗಲು 5 ಫ್ರೇಮ್ ಬೇಕು. ಶೇಕಡಾ 10 ನಿಧಾನ ಮಾಡಿದರೆ 5.5. ಆದರೆ ಅರ್ಧ ಫ್ರೇಮ್ ಅನ್ನುವುದು ಇಲ್ಲ. ಅವಳ ಕೋಡ್ ದಶಾಂಶವನ್ನು ಕತ್ತರಿಸಿ ಮತ್ತೆ 5 ಅಂತಲೇ ಇಟ್ಟುಕೊಂಡಿತ್ತು. 12 ಫ್ರೇಮಿನ ದೊಡ್ಡ ಒದೆತ 13.2 ಆಗಿ, ಅದು 13ಕ್ಕೆ ಇಳಿದು, ಬರೀ ಒಂದು ಫ್ರೇಮ್ ನಿಧಾನವಾಗಿತ್ತು. ಅಂದರೆ ಸೆಕೆಂಡಿನ ಅರವತ್ತನೇ ಒಂದು ಪಾಲು. ಬಲ ಮಾತ್ರ ಪೂರ್ತಿ ಶೇಕಡಾ 10 ಏರಿತ್ತು. ನಷ್ಟ ಇಲ್ಲದ ಲಾಭ. ಹುಡುಗರಿಗೆ ಈ ಲೆಕ್ಕ ಗೊತ್ತಿಲ್ಲ, ಅವರ ಬೆರಳಿಗೆ ಗೊತ್ತಾಗಿತ್ತು.

ದಶಾಂಶ ಸರಿಮಾಡಿದರೂ ಹೆಚ್ಚೇನೂ ಬದಲಾಗಲಿಲ್ಲ. ಈಗ ಯಾರು ಬೇಕಾದರೂ ಯಾವ ಬಣ್ಣ ಬೇಕಾದರೂ ಆರಿಸುತ್ತಿದ್ದರು, ಆದರೆ ಎರಡನ್ನೂ ಆಡುವ ರೀತಿ ಒಂದೇ ಇತ್ತು. ಎದುರಿಗೆ ನೀಲಿ ಬಂದರೂ ಕೆಂಪು ಬಂದರೂ ಎದುರಾಳಿ ನಿಲ್ಲುವ ಜಾಗ ಅದೇ, ತಡೆಯುವ ಹೊತ್ತೂ ಅದೇ. ಇಂಥ ಜೋಡಿ ಪಟ್ಟಿಯಲ್ಲಿ ಇದ್ದರೆಷ್ಟು, ಬಿಟ್ಟರೆಷ್ಟು!

ಪಾರ್ಲರ್ ಮಾಲೀಕನ ಮಾತು

ಮಾಲೀಕ ಮೊದಲ ಪ್ಲೇಸ್ಟೇಷನ್ ಕಾಲದಿಂದ ಟೆಕ್ಕನ್ 3 ಅನ್ನುವ ಫೈಟಿಂಗ್ ಗೇಮ್ ಆಡಿಸಿದವನು. ಅವನು ಹೇಳಿದ್ದು ಹೀಗೆ: “ನೋಡವ್ವ, ಟೆಕ್ಕನ್‌ದಾಗ ಎಡ್ಡಿ ಅದಾನ, ಟೈಗರ್ ಅದಾನ. ಇಬ್ರೂ ಕಾಲ್ ಬೀಸೋದು ಒಂದೇ ಥರ. ಯಾವಾಂವ ಛಲೋ ಅಂತ ಯಾರೂ ಕೇಳಂಗಿಲ್ಲ. ಕೂದಲಾ ನೋಡಿ ತಗೋತಾರ. ಅದೇ ರ್ಯೂ, ಕೆನ್ ಹಚ್ಚಿದ್ರ ರಾತ್ರಿ ತನಕ ಜಗಳ ಆಡ್ತಾರ.”

ಎಡ್ಡಿಯನ್ನು ಬಲ್ಲವರಿಗೆ ಇದು ತಕ್ಷಣ ಅರ್ಥವಾಗುತ್ತದೆ. ಟೈಗರ್ ಅಲ್ಲಿ ಬರೀ ವೇಷ. ಅದರಿಂದ ಯಾರಿಗೂ ಕೇಡಿಲ್ಲ, ಚಂದವೂ ಹೌದು. ಆದರೆ ಅದು ಇನ್ನೊಂದು ಪಾತ್ರ ಅಲ್ಲ.

ರ್ಯೂ-ಕೆನ್ ಕಥೆ ಬೇರೆ. 1991ರ ಸ್ಟ್ರೀಟ್ ಫೈಟರ್ 2ರಲ್ಲಿ ಇಬ್ಬರು ಆಟಗಾರರೂ ಒಂದೇ ಪಾತ್ರ ಆರಿಸಲು ಆಗುತ್ತಿರಲಿಲ್ಲ. ಹಾಗಾಗಿ ಸರಿಸಮ ಕುಸ್ತಿ ಬೇಕು ಅಂದರೆ ರ್ಯೂ ಎದುರು ಕೆನ್ ಒಂದೇ ದಾರಿ. ಮರುವರ್ಷ ಅದೇ ಗೇಮ್‌ನ ಚಾಂಪಿಯನ್ ಎಡಿಷನ್ ಬಂತು. ಒಂದೇ ಪಾತ್ರವನ್ನು ಇಬ್ಬರೂ ಆರಿಸಬಹುದಾಯಿತು. ಆಗ ಕೆನ್‌ಗೆ ಇದ್ದ ಆ ಕೆಲಸ ಹೋಯಿತು. ಅದೇ ಆವೃತ್ತಿಯಲ್ಲಿ ಇಬ್ಬರೂ ಬೇರೆಯಾಗತೊಡಗಿದರು. ಕೆನ್‌ನ ಮೇಲೇಳುವ ಗುದ್ದು ಮುಂದಕ್ಕೆ ಹೆಚ್ಚು ದೂರ ಸಾಗತೊಡಗಿತು. ಮುಂದಿನ ಆವೃತ್ತಿಗಳಲ್ಲಿ ಅದಕ್ಕೆ ಬೆಂಕಿ ಹತ್ತಿತು. ಕೆನ್ ನುಗ್ಗುವವನಾದ, ರ್ಯೂ ದೂರ ನಿಂತು ಬೆಂಕಿಯುಂಡೆ ಎಸೆದು ಕಾಯುವವನಾಗಿಯೇ ಉಳಿದ.

ಮಾಲೀಕನ ಮಾತಿನ ಮೇಲೆ ಕೋಡ್ ಬರೆದವಳು ಎರಡು ದಿನ ಕೂತಳು. ಆಮೇಲೆ ನನಗೆ ಫೋನ್ ಮಾಡಿದಳು. “ಅಣ್ಣಾ, ಎಷ್ಟು ಬದಲಿ ಮಾಡಿದ್ರ ಸಾಕು?” ಎಷ್ಟು ಅನ್ನುವುದನ್ನು ಬಿಡು, ಎಲ್ಲಿ ಅನ್ನುವುದನ್ನು ನೋಡು ಅಂತ ಹೇಳಿ, ನಿಂಟೆಂಡೋದ ಸ್ಮ್ಯಾಶ್ ಬ್ರದರ್ಸ್ ಅನ್ನುವ ಫೈಟಿಂಗ್ ಗೇಮ್ ಸರಣಿಯ ಮೂರು ಕತ್ತಿವೀರರ ಹೆಸರು ಕೊಟ್ಟೆ. ಮಾರ್ತ್‌ನ ಕತ್ತಿಯ ತುದಿ ತಾಗಿದರೆ ಪೆಟ್ಟು ಜೋರು. ರಾಯ್‌ಗೆ ತಿರುಗಾಮುರುಗಾ, ಕೈ ಹತ್ತಿರದ ಭಾಗ ಜೋರು. ಇಬ್ಬರೂ ಆ ಸರಣಿಯ 2001ರ ಮೆಲೀ ಆಟದಲ್ಲಿ ಬಂದವರು. 2014ರಲ್ಲಿ ಬಂದ ಲೂಸಿನಾ ಮಾರ್ತ್ ಥರವೇ ಆಡುತ್ತಾಳೆ, ಆದರೆ ಅವಳ ಕತ್ತಿ ಎಲ್ಲಿ ತಾಗಿದರೂ ಪೆಟ್ಟು ಒಂದೇ. ಅದೇ ಸರಣಿಯ 2018ರ ಅಲ್ಟಿಮೇಟ್‌ನಲ್ಲಿ ಇಂಥ ಪಾತ್ರಗಳಿಗೆ ಎಕೋ ಫೈಟರ್ ಅಂತ ಹೆಸರಿಟ್ಟು, ಬೇರೆ ನಂಬರ್ ಕೊಡದೆ ಮೂಲ ಪಾತ್ರದ ನಂಬರಿಗೇ ಒಂದು ಗುರುತು ಹಚ್ಚಿ ನಿಲ್ಲಿಸಿದರು. ಮುಚ್ಚಿಡಲಿಲ್ಲ. ಹೌದು, ಇದು ಅದರದ್ದೇ ನೆರಳು ಅಂತ ಪಟ್ಟಿಯಲ್ಲೇ ಒಪ್ಪಿಕೊಂಡರು. ನನಗೆ ಆ ಪ್ರಾಮಾಣಿಕತೆ ಇಷ್ಟ.

ಎರಡನೇ ಪ್ರಯತ್ನ: ಕೋಲಿನ ಎರಡು ತುದಿ

ಆರು ಪಾತ್ರದ ಆಸೆ ಬಿಟ್ಟರು. ಪ್ರಕರಣದ ದೊಡ್ಡ ತೀರ್ಮಾನ ಇದೇ ಅಂತ ನನ್ನ ಅನಿಸಿಕೆ. ಗೈಡ್ ಸರ್ ಮುಖ ಗಂಟು ಹಾಕಿದರು, ಆದರೆ ಬೇಡ ಅನ್ನಲಿಲ್ಲ. ಮೂರು ಪಾತ್ರ, ಜೊತೆಗೆ ಒಂದೇ ಒಂದು ನಕಲು: ಕೋಲಿನ ಹುಡುಗಿಗೆ ಒಬ್ಬ ಅಣ್ಣ.

ಕೋಡ್ ಬರೆದವಳು ಕೋಲಿನ ಹಿಟ್‌ಬಾಕ್ಸ್ ಅನ್ನು, ಅಂದರೆ ತಾಗಿದರೆ ಪೆಟ್ಟು ಅಂತ ಗೇಮ್ ಲೆಕ್ಕ ಹಿಡಿಯುವ ಜಾಗವನ್ನು, ಎರಡು ತುಂಡು ಮಾಡಿದಳು. ಹೊರಗಿನ ಮೂರನೇ ಒಂದು ಭಾಗ ಒಂದು, ಒಳಗಿನದು ಇನ್ನೊಂದು. ತಂಗಿಯ ಕೋಲಿನ ತುದಿ ತಾಗಿದರೆ ಪೆಟ್ಟು 12, ಒಳಭಾಗ ತಾಗಿದರೆ 6. ಅಣ್ಣನಿಗೆ ತುದಿ 6, ಒಳಭಾಗ 12. ಒಟ್ಟು ಜೀವ ಇಬ್ಬರಿಗೂ 100. ನಡೆಯುವ ವೇಗ, ಏಟಿನ ಫ್ರೇಮ್, ಜಿಗಿತ, ಯಾವುದನ್ನೂ ಮುಟ್ಟಲಿಲ್ಲ. ಮಾರ್ತ್, ರಾಯ್ ಇಬ್ಬರಿಂದ ಎತ್ತಿದ್ದು ಅಂತ ರಿಪೋರ್ಟ್‌ನಲ್ಲೇ ಬರೆದರು.

ಪಾರ್ಲರ್‌ನಲ್ಲಿ ಮತ್ತೆ ಹಚ್ಚಿದಾಗ ಆದದ್ದನ್ನು ನಾನೇ ನೋಡಿದೆ. ತಂಗಿಯನ್ನು ಹಿಡಿದ ಹುಡುಗ ಹೆಜ್ಜೆ ಹಿಂದಿಟ್ಟು ಹಿಂದಿಟ್ಟು ಆಡುತ್ತಿದ್ದ. ಎದುರಾಳಿ ಬರುವಷ್ಟರಲ್ಲಿ ತುದಿ ತಾಗಬೇಕು. ಅದೇ ಹುಡುಗ ಮುಂದಿನ ಆಟಕ್ಕೆ ಅಣ್ಣನನ್ನು ಹಿಡಿದ. ಏಟುಗಳು ಗೊತ್ತಿದ್ದವು, ಬಟನ್ ಹುಡುಕಬೇಕಾಗಿರಲಿಲ್ಲ. ಮೊದಲ ಸುತ್ತು ಹಿಂದೆ ನಿಂತೇ ಆಡಿ ಸೋತ. ಎರಡನೇ ಸುತ್ತಿನಲ್ಲಿ ತಡೆದುಕೊಂಡು ತಡೆದುಕೊಂಡು ಒಳಗೆ ನುಗ್ಗಿದ. ಯಾರೂ ಹೇಳಿಕೊಟ್ಟಿರಲಿಲ್ಲ. ಪೈಲ್ವಾನ್ ಆಡುತ್ತಿದ್ದ ಎದುರಾಳಿ ಕೂಡ ಬದಲಾದ. ತಂಗಿಯ ಎದುರು ಮೈಗೆ ಮೈ ತಾಗಿಸಲು ಹೋಗುತ್ತಿದ್ದವನು, ಅಣ್ಣ ಬಂದ ಕೂಡಲೇ ದೂರ ಕಾಯ್ದುಕೊಂಡ. ಪೈಲ್ವಾನ್‌ಗೆ ಅದು ದೊಡ್ಡ ಪೇಚು, ಅವನು ಹಿಡಿಯಬೇಕಾದರೆ ಹತ್ತಿರ ಹೋಗಲೇಬೇಕಲ್ಲ.

ಚಿತ್ರ ಒಂದೂ ಬದಲಾಗಿರಲಿಲ್ಲ. ಆಟ ಬದಲಾಗಿತ್ತು.

ಅಲ್ಲೇ ಒಂದು ಅಡ್ಡಿಯೂ ಬಂತು. ಅಣ್ಣ ಹಸಿರು, ತಂಗಿ ಕೆಂಪು. ಒಬ್ಬ ಹುಡುಗ ಪದೇ ಪದೇ ತಪ್ಪು ದೂರದಲ್ಲಿ ನಿಂತು ಪೆಟ್ಟು ತಿನ್ನುತ್ತಿದ್ದ. ಅವನಿಗೆ ಕೆಂಪು-ಹಸಿರು ಬೇರೆಬೇರೆಯಾಗಿ ಕಾಣುವುದಿಲ್ಲ ಅಂತ ಆಮೇಲೆ ತಿಳಿಯಿತು. ಬಣ್ಣ ಕಾಣುವವರೂ ಆಟದ ಬಿಸಿಯಲ್ಲಿ ತಪ್ಪುತ್ತಿದ್ದರು. ಕಣ್ಣು ಮೊದಲು ಹಿಡಿಯುವುದು ಮೈಯ ಆಕಾರವನ್ನು. ಅದು ಇಬ್ಬರದ್ದೂ ಒಂದೇ ಇತ್ತು.

ಇದರ ಮದ್ದು ಚಿತ್ರಗಾರನ ಕೈಲಿತ್ತು. ಅಲ್ಲಿಯ ತನಕ ಅವನು ಈ ನಕಲಿನ ಕೆಲಸಕ್ಕೆ ಕೈ ಹಚ್ಚಿರಲಿಲ್ಲ, ಸಿಟ್ಟು ಇಳಿದಿರಲಿಲ್ಲ. ಪಾರ್ಲರ್‌ನಲ್ಲಿ ಆ ಹುಡುಗ ಸೋಲುವುದನ್ನು ನೋಡಿ ಮನೆಗೆ ಹೋಗಿ ತಲೆ ಮಾತ್ರ ಬಿಡಿಸತೊಡಗಿದ. ಅಣ್ಣನಿಗೆ ರುಮಾಲು, ಅದರ ಒಂದು ತುದಿ ಬೆನ್ನ ಹಿಂದೆ ಇಳಿಬಿಟ್ಟದ್ದು. ತಂಗಿಗೆ ಮೊದಲೇ ಉದ್ದನೆ ಜಡೆ ಇತ್ತು. ಜಡೆ ಕೆಳಗೆ ತೂಗುತ್ತದೆ, ರುಮಾಲು ತಲೆಯನ್ನು ಅಗಲ ಮಾಡುತ್ತದೆ. ಕಪ್ಪು ನೆರಳಾಗಿ ನೋಡಿದರೂ ಯಾರು ಅಂತ ಗೊತ್ತಾಗುತ್ತದೆ. ಆಮೇಲೆ ಕೋಲು. ತಂಗಿಯ ಕೋಲಿನ ತುದಿಗೆ ಹಿತ್ತಾಳೆ ಕಟ್ಟು, ಅಣ್ಣನ ಕೋಲಿಗೆ ಹಿಡಿಕೆಯ ಹತ್ತಿರ ಹಿತ್ತಾಳೆ ಕಟ್ಟು. ಹಿತ್ತಾಳೆ ಇರುವ ಕಡೆ ಪೆಟ್ಟು ಜೋರು. ಒಂದು ಸಾಲು ಸೂಚನೆ ಬರೆಯದೆ ನಿಯಮ ಕೋಲಿನ ಮೇಲೇ ಬಂತು.

ನೂರೈವತ್ತು ಚಿತ್ರಕ್ಕೂ ತಲೆ, ಕೋಲು ಬದಲಿಸಬೇಕಿತ್ತು. ಆದರೂ ಹೊಸ ಪಾತ್ರ ಬಿಡಿಸುವುದಕ್ಕೆ ಹೋಲಿಸಿದರೆ ಸಣ್ಣ ಕೆಲಸ. 1987ರಲ್ಲಿ ರ್ಯೂವಿನ ತಲೆ ಬದಲಿಸಿ ಕೆನ್ ಮಾಡಿದವರೂ ಇದೇ ದಾರಿ ಹಿಡಿದದ್ದು ಅಂತ ಹೇಳಿದಾಗ ಅವನು ನಕ್ಕ. ಗೆದ್ದಾಗಿನ ಭಂಗಿಯನ್ನು ಮಾತ್ರ ಹಟ ಹಿಡಿದು ಅಣ್ಣನಿಗೆ ಪೂರ್ತಿ ಹೊಸದಾಗಿ ಬಿಡಿಸಿದ: ಕೋಲು ನೆಲಕ್ಕೆ ಊರಿ, ರುಮಾಲಿನ ತುದಿಯಿಂದ ಬೆವರು ಒರೆಸಿಕೊಳ್ಳುವುದು. ಏಪ್ರಿಲ್ ತಿಂಗಳ ಕಲಬುರಗಿಯಲ್ಲಿ ಅದನ್ನು ಕಲ್ಪನೆಯಿಂದ ಬಿಡಿಸಬೇಕಾಗಿರಲಿಲ್ಲ.

ಕೈಬಿಟ್ಟ ನಕಲು

ಉಳಿದ ಇಬ್ಬರಿಗೂ ಇದನ್ನೇ ಮಾಡಬಹುದಿತ್ತಲ್ಲ ಅಂತ ಕೇಳಬಹುದು. ಪೈಲ್ವಾನ್‌ಗೆ ಮಾಡಿ ನೋಡಿದರು. ಎರಡನೇ ಪೈಲ್ವಾನ್‌ಗೆ ಹಿಡಿಯುವ ದೂರ ಹೆಚ್ಚಿಸಿದರು. ಅವನು ಸೀದಾ ಮೇಲುಗೈ ಆದ. ಕಡಿಮೆ ಮಾಡಿದರು, ಸೀದಾ ಕೈಲಾಗದವನಾದ. ಕೋಲಿನಲ್ಲಿ ಒಂದು ಕಡೆ ಕೊಟ್ಟದ್ದನ್ನು ಇನ್ನೊಂದು ಕಡೆ ಕಿತ್ತುಕೊಂಡಿದ್ದರು. ಹಿಡಿತದ ದೂರದಲ್ಲಿ ಕಿತ್ತುಕೊಳ್ಳಲು ಏನೂ ಇಲ್ಲ, ಜಾಸ್ತಿ ಅಂದರೆ ಜಾಸ್ತಿ ಅಷ್ಟೇ. ಅದನ್ನು ಅಲ್ಲಿಗೇ ಬಿಟ್ಟರು. ಓಟಗಾರನಿಗೆ ಸಮಯವೇ ಇರಲಿಲ್ಲ.

ಪ್ರದರ್ಶನ

ಪ್ರದರ್ಶನ ಎರಡು ದಿನ. ಮೊದಲ ದಿನ ಅಣ್ಣ-ತಂಗಿ ಜೋಡಿ ಚೆನ್ನಾಗಿಯೇ ಓಡಿತು. ಮಧ್ಯಾಹ್ನದ ಹೊತ್ತಿಗೆ ಪಿಯುಸಿಯ ಒಬ್ಬ ಹುಡುಗ ಒಂದು ದಾರಿ ಕಂಡುಹಿಡಿದ. ಅಣ್ಣನನ್ನು ಹಿಡಿದು ಎದುರಾಳಿಯನ್ನು ಪರದೆಯ ಮೂಲೆಗೆ ತಳ್ಳುವುದು, ಅಲ್ಲಿಗೆ ಹೋದ ಮೇಲೆ ಬಿಡದೆ ಬಡಿಯುವುದು. ತಡೆದರೂ ಅಷ್ಟೇ, ತಡೆಯದಿದ್ದರೂ ಅಷ್ಟೇ, ಎದುರಾಳಿ ಹೊರಗೆ ಬರಲು ಆಗುತ್ತಿರಲಿಲ್ಲ. ಸಾಲಾಗಿ ಎಲ್ಲರೂ ಅದನ್ನೇ ಶುರು ಮಾಡಿದರು. “ಅಣ್ಣ ಮೋಸ ಅದಾನ” ಅಂತ ಮಾತು ಹಬ್ಬಿತು.

ಸೌಂಡ್ ಮಾಡಿದವನ ಸಲಹೆ: 12 ಇರುವುದನ್ನು 9 ಮಾಡು, ಸಂಜೆಗೆ ಮುಗೀತು. ಯಾರಾದರೂ ಅದನ್ನೇ ಹೇಳುತ್ತಿದ್ದರು. ಅವಳು ಮಾಡಲಿಲ್ಲ. ಅವಳ ತರ್ಕ ಇಲ್ಲಿ ಮುಖ್ಯ, ಅದಕ್ಕೆ ಅವಳ ಮಾತಿನಂತೆಯೇ ಹೇಳುತ್ತೇನೆ. ತಂಗಿ ಮೂಲೆಯಲ್ಲಿ ಹೀಗೆ ಸಿಕ್ಕಿಸುವುದಿಲ್ಲ. ಇಬ್ಬರದ್ದೂ ಒಂದೇ ಮೈ, ಒಂದೇ ಫ್ರೇಮ್, ಒಂದೇ ನಡಿಗೆ. ವ್ಯತ್ಯಾಸ ಇರುವುದು ಒಂದೇ ಜಾಗದಲ್ಲಿ, ಒಳಭಾಗ ಜೋರು. ಹಾಗಾದರೆ ಕೇಳಬೇಕಾದದ್ದು: ಮೂಲೆಯಲ್ಲಿ ಅಣ್ಣ ಅಷ್ಟು ಹೊತ್ತು ಒಳಭಾಗ ತಾಗುವ ದೂರದಲ್ಲಿ ಉಳಿಯುವುದು ಹೇಗೆ?

ಉತ್ತರ ಅಣ್ಣನಲ್ಲಿ ಇರಲೇ ಇಲ್ಲ. ಏಟನ್ನು ತಡೆದಾಗ ತಡೆದವನು ಸ್ವಲ್ಪ ಹಿಂದೆ ಜಾರಬೇಕು. ನಡುವೆ ಜಾಗ ಬಿಡಲಿ, ಹೊಡೆದವನು ಮತ್ತೆ ಹತ್ತಿರ ಬರುವ ಕಷ್ಟ ಪಡಲಿ ಅಂತ. ಎದುರಾಳಿಯ ಬೆನ್ನು ಮೂಲೆಗೆ ತಾಗಿದ್ದರೆ ಅವನು ಜಾರಲು ಆಗುವುದಿಲ್ಲ. ಆಗ ಹೊಡೆದವನನ್ನೇ ಅಷ್ಟು ಹಿಂದಕ್ಕೆ ತಳ್ಳಬೇಕು. ಹೆಚ್ಚಿನ ಫೈಟಿಂಗ್ ಗೇಮ್‌ಗಳಲ್ಲಿ ಇದು ಇದ್ದೇ ಇರುತ್ತದೆ. ಇವರ ಗೇಮ್‌ನಲ್ಲಿ ಇರಲಿಲ್ಲ. ಮೂಲೆಯಲ್ಲಿ ಇಬ್ಬರೂ ಅಂಟಿಕೊಂಡೇ ಉಳಿಯುತ್ತಿದ್ದರು. ತಂಗಿ ಆಡಿದಾಗ ಇದು ಕಾಣದೇ ಇದ್ದದ್ದು ಯಾಕೆ ಅಂದರೆ, ಅಂಟಿಕೊಂಡಷ್ಟೂ ಅವಳಿಗೆ ನಷ್ಟವೇ.

ಅವತ್ತು ರಾತ್ರಿ ಕರೆಂಟ್ ಹೋಗಿ ಬರುವ ನಡುವೆ ಅದನ್ನು ಸರಿಮಾಡಿದಳು. 12 ಹಾಗೇ ಇತ್ತು. ಮರುದಿನ ಮೂಲೆಯ ದಾರಿ ಮುಚ್ಚಿತ್ತು. ಜೊತೆಗೆ ಯಾರೂ ಎದುರು ನೋಡದ ಒಂದು ಬದಲಾವಣೆ: ಓಟಗಾರನೂ ಹದಕ್ಕೆ ಬಂದ. ಪಾರ್ಲರ್ ದಿನಗಳಿಂದಲೂ ಓಟಗಾರ ಸ್ವಲ್ಪ ಜಾಸ್ತಿಯೇ ಗೆಲ್ಲುತ್ತಾನೆ ಅನ್ನುವ ದೂರು ಇತ್ತು. ಅವನ ವೇಗ ಇಳಿಸಿ, ಬಲ ಇಳಿಸಿ ಸಾಕಾಗಿದ್ದರು. ಅವನಿಗೂ ಆ ಮೂಲೆಯೇ ಲಾಭ ಕೊಡುತ್ತಿತ್ತು. ಆದರೆ ಅವನು ವೇಗದಲ್ಲೂ ಬೇರೆ, ಏಟಿನಲ್ಲೂ ಬೇರೆ, ಜಿಗಿತದಲ್ಲೂ ಬೇರೆ. ಯಾವುದರಿಂದ ಗೆಲ್ಲುತ್ತಾನೆ ಅಂತ ಬಿಡಿಸಿ ನೋಡಲು ಆಗಿರಲಿಲ್ಲ. ಅಣ್ಣ-ತಂಗಿಯಲ್ಲಿ ಒಂದನ್ನು ಬಿಟ್ಟು ಉಳಿದದ್ದೆಲ್ಲ ಸಮ, ಅದಕ್ಕೇ ದೋಷ ಬತ್ತಲಾಗಿ ನಿಂತಿತು.

ವೈವಾದಲ್ಲಿ ಹೊರಗಿನಿಂದ ಬಂದ ಪರೀಕ್ಷಕರು ನಿರೀಕ್ಷಿಸಿದ ಪ್ರಶ್ನೆಯನ್ನೇ ಕೇಳಿದರು. “ಈ ನಾಲ್ಕನೆಯದು ಎರಡನೆಯದರ ಕಾಪಿ ಅಲ್ವೇನಮ್ಮಾ?” ಅವಳು ಹೌದು ಅಂದಳು. “ಹೌದ್ರಿ ಸರ್. ಒಂದ್ಸಲ ಎರಡೂ ಆಡಿ ನೋಡ್ರಿ.” ಅವರು ತಂಗಿಯನ್ನು ಹಿಡಿದು ಹೇಗೋ ಒಂದು ಸುತ್ತು ಗೆದ್ದರು. ಅಣ್ಣನನ್ನು ಹಿಡಿದು ಅದೇ ದೂರದಲ್ಲಿ ನಿಂತು ಬೀಸಿದರು, ಸೋತರು. ರಿಮೋಟ್ ಕೆಳಗಿಡದೆ ಕೇಳಿದರು: “ಇವನದ್ದು ಹತ್ತಿರ ಹೋಗಬೇಕೇನು?” ಮುಂದಿನ ಪ್ರಶ್ನೆಗಳೆಲ್ಲ ಹಿಟ್‌ಬಾಕ್ಸ್ ಮೇಲೆಯೇ ಬಂದವು.

ತಂಡದೊಳಗೆ ಎಲ್ಲರೂ ಒಪ್ಪಿಲ್ಲ. ಸೌಂಡ್ ಮಾಡಿದವನು ಇವತ್ತಿಗೂ “ನಮ್ಮ ಗೇಮ್‌ದಾಗ ಮೂರೂವರೆ ಪಾತ್ರ ಅವ” ಅನ್ನುತ್ತಾನೆ. ಅವನ ಮಾತಿನಲ್ಲೂ ಹುರುಳಿದೆ. ಬಂದವರಲ್ಲಿ ಹಲವರು ಆರಿಸುವ ಪರದೆ ನೋಡಿ, ಬರೀ ಇಷ್ಟೇನಾ ಅಂತ ಹೊರಟುಹೋದರು. ರಿಮೋಟ್ ಹಿಡಿಯದವರಿಗೆ ನಕಲು ನಕಲಾಗಿಯೇ ಕಾಣುತ್ತದೆ.

ಇದರಿಂದ ನಾನು ಎತ್ತಿಕೊಂಡದ್ದು

ಒಂದೇ ಥರದ ಪಾತ್ರಗಳ ಬಗ್ಗೆ ಮಾತು ಬಂದಾಗಲೆಲ್ಲ ಖರ್ಚಿನ ಲೆಕ್ಕ ಮುಂದೆ ಬರುತ್ತದೆ: ಚಿತ್ರ ಉಳಿಯಿತು, ಸಮಯ ಉಳಿಯಿತು, ಪಟ್ಟಿ ಉದ್ದವಾಯಿತು. ಈ ತಂಡವೂ ಅಲ್ಲಿಂದಲೇ ಶುರು ಮಾಡಿದ್ದು. ಆದರೆ ಅವರಿಗೆ ನಿಜವಾಗಿ ದಕ್ಕಿದ್ದು ಬೇರೆ. ಅಣ್ಣ ಬಂದ ಮೇಲೆ ಆ ಗೇಮ್‌ನಲ್ಲಿ ದೂರ ಅನ್ನುವುದಕ್ಕೆ ಬೆಲೆ ಬಂತು. ಅದಕ್ಕೂ ಮೊದಲು ತಂಗಿಯನ್ನು ಆಡುವವರು ಕೋಲು ಉದ್ದ ಇದೆ ಅಂತ ಸುಮ್ನೆ ಬೀಸುತ್ತಿದ್ದರು.

ಇನ್ನೊಂದು ಸರಳ ಲೆಕ್ಕ. ಎಂಟು ಪಾತ್ರ ಇದ್ದರೆ, ತಮ್ಮ ಎದುರು ತಾವೇ ನಿಲ್ಲುವುದನ್ನೂ ಸೇರಿಸಿ 36 ಜೋಡಿ ಆಗುತ್ತವೆ. ನಾಲ್ಕು ಪಾತ್ರಕ್ಕೆ 10. ಪ್ರತಿ ಜೋಡಿಯನ್ನೂ ಯಾರೋ ಆಡಿ ನೋಡಬೇಕು. ನಾಲ್ವರ ಕೈಲಿ 36 ಆಗದ ಮಾತು. ಎಂಟಕ್ಕೇ ಜೋತುಬಿದ್ದಿದ್ದರೆ ಮೂಲೆಯ ದೋಷ ಪ್ರದರ್ಶನ ಮುಗಿದರೂ ಸಿಗುತ್ತಿರಲಿಲ್ಲ ಅಂತ ನನಗೆ ಅನಿಸುತ್ತದೆ.

ಯಾವ ನಕಲು ಉಳಿಯಬೇಕು, ಯಾವುದು ಹೋಗಬೇಕು? ನಾನು ಎದುರಾಳಿಯನ್ನು ನೋಡಿ ಹೇಳುತ್ತೇನೆ. ಪಾತ್ರ ಹಿಡಿದವನು ಬೇರೆ ಥರ ಆಡಿದರೆ ಅರ್ಧ ಕೆಲಸ ಆಯಿತು. ಎದುರಿಗೆ ಕೂತವನೂ ನಿಲ್ಲುವ ಜಾಗ ಬದಲಿಸಿದರೆ ಅದು ಪಾತ್ರ. ನೀಲಿ ಪೈಲ್ವಾನ್ ಬಂದಾಗ ಎದುರಾಳಿ ಏನೂ ಬದಲಿಸಲಿಲ್ಲ. ರುಮಾಲಿನವನು ಬಂದಾಗ ಬದಲಿಸಿದ.

ಚಿತ್ರಗಾರನ ಮೊದಲ ಸಿಟ್ಟನ್ನೂ ಹಗುರವಾಗಿ ತಗೊಳ್ಳಬಾರದು. ಆಡುವವರಿಗೆ ಕಣ್ಣಿಲ್ಲವೇ ಅಂತ ಅವನು ಕೇಳಿದ್ದು ಸರಿಯಾದ ಪ್ರಶ್ನೆ. ಅದಕ್ಕೆ ಉತ್ತರವಾಗಿ ಬಂದದ್ದು ಜಡೆ, ರುಮಾಲು, ಹಿತ್ತಾಳೆ ಕಟ್ಟು. ಅಂಕಿ ಬದಲಿಸುವುದು ಕೋಡ್‌ನವರಿಗೆ ಒಂದು ಸಂಜೆಯ ಕೆಲಸ. ಬದಲಾಗಿದೆ ಅಂತ ನೋಡಿದ ಕೂಡಲೇ ತಿಳಿಸುವುದು ಚಿತ್ರದವರದ್ದು. ಅವರನ್ನು ಹೊರಗಿಟ್ಟು ನಕಲು ಮಾಡಿದರೆ ಕೆಂಪು-ಹಸಿರಿನ ಗತಿಯೇ ಆಗುವುದು.

ಈಗಿನ ಸ್ಥಿತಿ

ಕೋರ್ಸ್ ಮುಗಿದಿದೆ, ಇಬ್ಬರು ಕೆಲಸಕ್ಕೆ ಹೋಗಿದ್ದಾರೆ. ಕೋಡ್ ಬರೆದವಳು, ಚಿತ್ರಗಾರ ಇಬ್ಬರೂ ಭಾನುವಾರ ಸಿಕ್ಕಾಗ ಗೇಮ್ ಮುಂದುವರಿಸುತ್ತಿದ್ದಾರೆ. ಈ ಸಲ ನಕಲು ಬೇಕು ಅನ್ನುತ್ತಿರುವವನು ಚಿತ್ರಗಾರನೇ. ಪೈಲ್ವಾನ್‌ಗೆ ಒಬ್ಬ ಶಿಷ್ಯ ಬೇಕಂತೆ. ಅವಳ ಷರತ್ತು ಒಂದೇ: ಎದುರಾಳಿ ಯಾವ ಕೆಲಸ ಬೇರೆ ಮಾಡಬೇಕು ಅಂತ ಒಂದು ಸಾಲಿನಲ್ಲಿ ಬರೆದು ಕೊಡು, ಆಮೇಲೆ ಕೋಡ್. ಎರಡು ಸಲ ಬರೆದು ಕೊಟ್ಟ, ಎರಡನ್ನೂ ವಾಪಸ್ ಮಾಡಿದಳು. ಮೂರನೆಯದನ್ನು ನನಗೂ ಕಳಿಸಿದ್ದಾನೆ. ಶಿಷ್ಯ ಹಿಡಿದರೆ ಪೆಟ್ಟು ತೀರಾ ಕಡಿಮೆ, ಆದರೆ ಎದುರಾಳಿಯನ್ನು ತನ್ನ ಹಿಂಬದಿಗೆ ಎಸೆಯುತ್ತಾನೆ. ತಾನು ಮೂಲೆಯಲ್ಲಿದ್ದರೆ ಎದುರಾಳಿ ಮೂಲೆಗೆ ಬೀಳುತ್ತಾನೆ. ಹಾಗಾಗಿ ಅವನನ್ನು ಮೂಲೆಗೆ ತಳ್ಳಿದವನು ಹತ್ತಿರ ನಿಲ್ಲುವ ಹಾಗಿಲ್ಲ. ಚಿತ್ರದಲ್ಲಿ ಎಸೆತದ ಕೊನೆಯ ಭಾಗ ಮಾತ್ರ ಹೊಸದು, ಮೈ ಗುರುವಿನದ್ದೇ. ಇದನ್ನು ಅವಳು ವಾಪಸ್ ಮಾಡಿಲ್ಲ. ಪಾರ್ಲರ್‌ಗೆ ಯಾವ ಮಧ್ಯಾಹ್ನ ಹೋಗುವುದು ಅಂತ ಇಬ್ಬರೂ ಲೆಕ್ಕ ಹಾಕುತ್ತಿದ್ದಾರೆ.